ಕ್ಯಾಬಿನ್ನಿಗೊಂದು ಗಾಳಿಕಿಂಡಿ

ನನ್ನ ಅಡುಗೆಮನೆಯ ಹಳೆ ಹುಣಸೆಹಣ್ಣೆಲ್ಲ ಈ ವರ್ಷ ಲಾರಿಯ ಹೊಟ್ಟೆಗೆ ಹೋಯಿತು. ಯುಗಾದಿ ಕಳೆದ ಮೇಲೆ ಹುಣಸೂರಿನಿಂದ ಮೆಕ್ಯಾನಿಕ್ ಬಸವರಾಜು ನಮ್ಮ ರಾವಂದೂರಿಗೆ ಬಂದ. ಅಂಗಳದಲ್ಲಿ ನಿಂತಿದ್ದ ಲಾರಿಯ ಮೂತಿ ಬಿಚ್ಚಿ, ಒಳಗೆ ಇಣುಕಿ, ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, "ಅಮ್ಮಾರೆ, ಹಳೆ ಹುಣ್ಸೆಹಣ್ಣಿದ್ರೆ ಕೊಡಿ, ರೇಡಿಯೇಟ್ರು ತೊಳೀಬೇಕು" ಅಂದ. ಹುಳಿನೀರು ತುಂಬಿ ಇಂಜಿನ್ ಓಡಿಸಿದರೆ ಒಳಗೆ ಕಟ್ಟಿದ ಕಿಲುಬೆಲ್ಲ ಬಿಟ್ಟು ಬರುತ್ತದಂತೆ. ಕೊಟ್ಟೆ. ಕಾಫಿ ಬಣ್ಣದ ನೀರು ಬಳಬಳನೆ ಹೊರಗೆ ಸುರಿದಾಗ ಅವನ ಮುಖ ನೋಡಬೇಕಿತ್ತು. ಹೊಟ್ಟೆ ಕಟ್ಟಿಕೊಂಡಿದ್ದ ಕೂಸು ಹಗುರಾದಾಗ ತಾಯಿಗೆ ಆಗುತ್ತದಲ್ಲ, ಅಂಥ ಸಮಾಧಾನ.

ಅಷ್ಟಕ್ಕೇ ಮುಗಿಯಲಿಲ್ಲ. ರೇಡಿಯೇಟರಿಗೆ ಇಂಜಿನ್ ತಣ್ಣಗಿಡುವ ಹಸಿರು ಬಣ್ಣದ ಕೂಲೆಂಟ್ ಬಂತು. ಫ್ಯಾನ್ ಬೆಲ್ಟ್ ಹೊಸದು ಬಂತು. ರಬ್ಬರ್ ಪೈಪುಗಳನ್ನೆಲ್ಲ ಹಿಂಡಿ ನೋಡಿ, ಬಿರುಕು ಬಿಟ್ಟದ್ದನ್ನು ಕಿತ್ತುಹಾಕಿದರು. ಬಿಸಿಲಿಗೆ ಸಿಡಿಯದಿರಲಿ ಎಂದು ಮುಂದಿನ ಎರಡು ಟೈರು ಬದಲಾಯಿಸಿದರು. ಬ್ಯಾಟರಿಗೆ ನೀರು, ಚಕ್ರಕ್ಕೆ ಗ್ರೀಸು. ಲೋಡಿನ ಮೇಲೆ ಹೊದಿಸಲು ಒಂದಲ್ಲ ಎರಡು ಟಾರ್ಪಾಲು. ಅದು ಗೋದಾಮಿನ ಏಜೆಂಟರ ಅಪ್ಪಣೆ. ಹೊಗೆಸೊಪ್ಪಿನ ಬೇಲುಗಳಿಗೆ, ಅಂದರೆ ಗೋಣಿ ಸುತ್ತಿದ ಕಟ್ಟುಗಳಿಗೆ, ಬಿಸಿಲು ತಾಕಿದರೆ ಎಲೆ ಗರಿಗರಿಯಾಗಿ ಪುಡಿಯಾಗುತ್ತದೆಯಂತೆ.

ಲಾರಿ ನನ್ನ ತಂಗಿಯ ಮಗ ನಂಜುಂಡೇಶನದು. ಹೊಗೆಸೊಪ್ಪು ಬೆಳೆಯುತ್ತಾನೆ, ಬೇಯಿಸುತ್ತಾನೆ, ಬಿಡುವಿನ ಕಾಲದಲ್ಲಿ ಈ ಲಾರಿಯಲ್ಲಿ ಬಾಡಿಗೆ ಹೊಡೆಸುತ್ತಾನೆ. ಶುಂಠಿ, ಭತ್ತ, ಬಾಳೆ, ಯಾವುದು ಸಿಕ್ಕರೆ ಅದು. ಹರಾಜು ಮುಗಿದ ಮೇಲೆ ನಮ್ಮೂರಿನ ಗೋದಾಮಿನಲ್ಲಿ ಉಳಿದ ಬೇಲುಗಳನ್ನು ಬೇಸಿಗೆಯಲ್ಲಿ ಗುಂಟೂರಿಗೆ ಸಾಗಿಸುವ ಬಾಡಿಗೆ ಮಾತ್ರ ಎಲ್ಲಕ್ಕಿಂತ ಒಳ್ಳೆಯದು. ನಾಲ್ಕೈದು ಲೋಡು ಸಿಕ್ಕರೆ ಮಳೆಗಾಲದವರೆಗೆ ಚಿಂತೆಯಿಲ್ಲ ಎನ್ನುತ್ತಾನೆ.

ಓಡಿಸುವವನು ಬೆಟ್ಟಸ್ವಾಮಿ. ಸರಗೂರಿನ ಕಡೆಯವನು, ನಮ್ಮೂರಿಗೆ ಬಂದು ನೆಲೆಸಿ ಬಹಳ ವರ್ಷವಾಯಿತು. ಐವತ್ತು ದಾಟಿದ ಮನುಷ್ಯ. ನನ್ನ ಕಣ್ಣಿಗೆ ಹಾಕುವ ಔಷಧಿ ಪಿರಿಯಾಪಟ್ಟಣದಲ್ಲಿ ಸಿಗದಿದ್ದರೆ ಯಾರೂ ಹೇಳದೆಯೇ ಹುಣಸೂರಿನಲ್ಲಿ ಹುಡುಕಿ ತರುತ್ತಾನೆ. ಇಂಜಿನ್ ಶುರು ಮಾಡುವ ಮುಂಚೆ ಬಗ್ಗಿ ಲಾರಿಯ ಕೆಳಗೆ ನೋಡುತ್ತಾನೆ, ಬೀದಿ ನಾಯಿ ಮಲಗಿದ್ದರೆ "ಏಳಪ್ಪ, ಡ್ಯೂಟಿಗೆ ಓಗ್ಬೇಕು" ಎನ್ನುತ್ತಾನೆ. ನಾಯಿ ಏಳುವವರೆಗೆ ಕಾಯುತ್ತಾನೆ ಕೂಡ.

ಆವತ್ತು ಬಸವರಾಜುವಿಗೂ ಅವನಿಗೂ ಮಜ್ಜಿಗೆ ಕೊಡಲು ಹೋದೆ. ಬೆಟ್ಟಸ್ವಾಮಿ ಲಾರಿಯ ಮೆಟ್ಟಿಲ ಮೇಲೆ ಪ್ಯಾಂಟು ಮಡಿಸಿಕೊಂಡು ಕೂತಿದ್ದ. ಎಡಗಾಲಿನ ಮೀನಖಂಡ ಸುಟ್ಟ ಬದನೆಕಾಯಿಯ ಹಾಗೆ ಕಪ್ಪಗಾಗಿತ್ತು. ಏನದು ಅಂತ ಕೇಳಿದೆ.

"ಇಂಜಿನ್ ಪಕ್ಕದಲ್ಲೇ ಅಲ್ವಾ ಅವ್ವ ನಮ್ ಸೀಟು. ಆ ಕಡೆ ಕಾಲು ಒಸಿ ಜಾಸ್ತಿ ಬೇಯ್ತದೆ" ಅಂದ, ಎಡಗಡೆ ತೋಟಕ್ಕೆ ಒಂಚೂರು ಬಿಸಿಲು ಹೆಚ್ಚು ಅನ್ನುವ ಧಾಟಿಯಲ್ಲಿ.

"ಲಾರಿಗೆ ಎಲ್ಲಾ ಮಾಡ್ಸಿದ್ರಲ್ಲ. ನಿಂಗೇನು ಮಾಡ್ಸಿದ್ರು?"

"ನಂಗೇನವ್ವ ಮಾಡ್ಸೋದು. ನನ್ ಬೆಲ್ಟು ಗಟ್ಟಿಯಾಗದೆ" ಎಂದು ಸೊಂಟದ ಬೆಲ್ಟು ತೋರಿಸಿ ನಕ್ಕ. ಬಸವರಾಜು, "ಇವುನ್ಗೂ ಒಂದ್ ಚೊಂಬು ಹುಣ್ಸೆನೀರು ಕುಡಿಸ್ಬುಡಿ ಅಮ್ಮಾರೆ, ಒಳಗಿನ ಕಿಲುಬು ಓಗ್ಲಿ" ಎಂದ. ಮೂವರೂ ನಕ್ಕೆವು. ನಗುವ ವಿಷಯ ಅಲ್ಲ ಅಂತ ನನಗೆ ಗೊತ್ತಾದದ್ದು ಸಾಯಂಕಾಲ.

ಸಾಯಂಕಾಲ ಬೆಟ್ಟಸ್ವಾಮಿಯ ಹೆಂಡತಿ ಬೀರಮ್ಮ ಬಂದಳು. ಹಿತ್ತಿಲ ಬಾಗಿಲಲ್ಲಿ ಕೂತು, ಬಂದ ಕೆಲಸ ಹೇಳದೆ ನನ್ನ ಮುಂದಿದ್ದ ಮೊರದ ಅವರೆಕಾಳನ್ನು ತಾನೇ ಎಳೆದುಕೊಂಡು ಆರಿಸತೊಡಗಿದಳು. ಅರ್ಧ ಮೊರ ಆದ ಮೇಲೆ, "ಅವ್ವ, ನಾಳೆ ಲೋಡಾಗ್ತದಂತೆ ಗುಂಟೂರ್‌ಗೆ" ಅಂದಳು.

"ಹೂಂ, ಹಾಗಂತೆ."

"ನೀವೊಂದ್ ಮಾತ್ ಹೇಳಿ ನಂಜುಂಡಣ್ಣಾರ್‌ಗೆ. ಮಟಮಟ ಮದ್ಯಾನ ಓಡುಸ್ಬ್ಯಾಡ ಅಂತ. ಬ್ಯಾರೆ ಏನೂ ಬ್ಯಾಡ. ಬಿಸ್ಲು ಇಳಿಯೋಗಂಟ ಎಲ್ಲಾದ್ರೂ ನೆಳ್ಳಲ್ಲಿ ನಿಲ್ಲುಸ್ಕೊಳ್ಳಿ."

ಆಮೇಲೆ ಉಳಿದದ್ದನ್ನು ಹೇಳಿದಳು. ಹೋದ ಮೇ ತಿಂಗಳಲ್ಲಿ ಲಾರಿ ಒಂದು ದಿನ ತಡವಾಗಿ ಬಂದದ್ದು ನನಗೆ ನೆನಪಿತ್ತು. ಪಂಕ್ಚರ್ ಆಗಿತ್ತು ಅಂತ ನಂಜುಂಡೇಶ ಮನೆಯಲ್ಲಿ ಹೇಳಿದ್ದ. ಪಂಕ್ಚರ್ ಆದದ್ದು ಲಾರಿಯಲ್ಲ. ಕಡಪಾ ದಾಟಿ ಸ್ವಲ್ಪ ದೂರದಲ್ಲಿ, ನಡುಮಧ್ಯಾಹ್ನ, ಬೆಟ್ಟಸ್ವಾಮಿಗೆ ಬೆವರು ನಿಂತುಹೋಗಿ, ಕಣ್ಣು ಕತ್ತಲೆ ಬಂದು, ಸ್ಟೇರಿಂಗಿನ ಮೇಲೆ ಕುಸಿದಿದ್ದ. ಲಾರಿ ರಸ್ತೆ ಬಿಟ್ಟು ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತ್ತು. ದಿಬ್ಬ ಇಲ್ಲದಿದ್ದರೆ ಏನಾಗುತ್ತಿತ್ತೋ. ಪಕ್ಕದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಂಗಸರು ಓಡಿ ಬಂದು ಇಳಿಸಿ, ತಾವು ಕುಡಿಯಲು ತಂದಿದ್ದ ನೀರನ್ನೆಲ್ಲ ಅವನ ಮೈಮೇಲೆ ಸುರಿದರಂತೆ. ಆಸ್ಪತ್ರೆಗೆ ಸಾಗಿಸಿದ ಮೇಲೂ ಅವರಲ್ಲಿ ಒಬ್ಬಾಕೆ ಲಾರಿ ಕಾಯುತ್ತ ಸಂಜೆಯವರೆಗೆ ಅಲ್ಲೇ ಕೂತಿದ್ದಳಂತೆ. ಹೆಸರೂ ತಿಳಿಯದ ಹೆಂಗಸು.

"ಆಮೇಲೆ ಹುಣಸೂರ್ ಡಾಕ್ಟ್ರು ನೋಡಿ, ಒಂದ್ ಸಲ ಇಂಗಾದವ್ರಿಗೆ ಎರಡ್ನೇ ಸಲ ಆಗೋದು ಸಲೀಸು, ಹುಷಾರು ಅಂದ್ರು. ಇವ್ನು ಯಾರ್‌ಗೂ ಹೇಳ್ಬ್ಯಾಡ ಅಂತ ನನ್ ಬಾಯಿ ಮುಚ್ಚುಸ್ದ. ಡ್ರೈವರ್ ತಲೆ ತಿರುಗಿ ಬೀಳ್ತಾನೆ ಅಂತ ಗೊತ್ತಾದ್ರೆ ಯಾರ್ ಕೆಲ್ಸ ಕೊಡ್ತಾರೆ ಅಂತ."

"ನಂಜುಂಡನಿಗೆ ಗೊತ್ತಿತ್ತೇನು?"

ಬೀರಮ್ಮ ಕಾಳಿನಿಂದ ಕಣ್ಣು ಎತ್ತಲಿಲ್ಲ. "ಆಸ್ಪತ್ರೆಯಿಂದ ಮೊದ್ಲು ಫೋನ್ ಮಾಡಿದ್ದೇ ಅವ್ರಿಗೆ ಕಣವ್ವ. ಲೋಡ್ ಎಂಗದೆ ಅಂತ ಕೇಳುದ್ರಂತೆ."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಂಜುಂಡೇಶ ಕೆಟ್ಟವನಲ್ಲ. ಚಿಕ್ಕವನಿದ್ದಾಗ ಗೂಡಿನಿಂದ ಬಿದ್ದ ಗುಬ್ಬಿಮರಿಯನ್ನು ಟೋಪಿಯೊಳಗೆ ಇಟ್ಟು ಸಾಕಿದವನು. ಅದೇ ನನ್ನ ಕೋಪವನ್ನು ಹೆಚ್ಚು ಮಾಡಿತು. ಕೆಟ್ಟವರ ಮೇಲೆ ಸಿಟ್ಟು ಮಾಡಿಕೊಂಡು ಮಲಗಬಹುದು. ಒಳ್ಳೆಯವರು, ಕಣ್ಣೆದುರಿಗೇ ಮನುಷ್ಯನೊಬ್ಬ ಬೇಯುತ್ತಿದ್ದರೆ ಲೋಡು ವಿಚಾರಿಸುತ್ತಾರಲ್ಲ, ಅದಕ್ಕೆ ಏನು ಮಾಡುವುದು?

ಮಾರನೆಯ ದಿನ ಲೋಡು ಮಧ್ಯಾಹ್ನದ ಮೇಲೆ ಅಂತ ಗೊತ್ತಾಯಿತು. ನಂಜುಂಡೇಶ ಬೇಗ ಊಟಕ್ಕೆ ಕೂತ. ಮುದ್ದೆ ಬಡಿಸಿ, ಸಾರು ಬಿಟ್ಟು, ಎದುರಿಗೆ ಕೂತೆ.

"ಹೋದ ವರ್ಷ ಪಂಕ್ಚರ್ ಆಗಿದ್ದು ಯಾವ ಟೈರು?" ಎಂದು ಕೇಳಿದೆ.

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ನನ್ನ ಮುಖ ನೋಡಿದ, ಅರ್ಥವಾಯಿತು. "ಬೀರಮ್ಮ ಬಂದಿದ್ಲಾ? ದೊಡ್ಡಮ್ಮ, ಅವುನೇ ಹೇಳ್ಬೇಡಿ ಅಂದಿದ್ದು. ಆಸ್ಪತ್ರೆ ಬಿಲ್ಲು ಪೂರ್ತಿ ನಾನೇ ಕಟ್ಟಿದ್ದೀನಿ ಕಣ್ರೀ."

"ಬಿಲ್ಲಿನ ಮಾತಲ್ಲ. ಈ ಸಲ ಮಧ್ಯಾಹ್ನ ನಿಲ್ಲಿಸ್ಕೊಂಡು ಹೋಗ್ಲಿ."

"ಅದಾಗಲ್ಲ. ಇಷ್ಟು ಹೊತ್ತಿಗೆ ಇಳಿಸ್ಬೇಕು ಅಂತ ಗೋದಾಮ್ನೋರು ಟೈಮ್ ಕೊಟ್ಟಿರ್ತಾರೆ. ದಿನಾ ಅರ್ಧ ಹೊತ್ತು ನಿಂತ್ರೆ ಒಂದಿನ ತಡ. ತಡವಾದ್ರೆ ಮುಂದಿನ ಲೋಡು ಬೇರೆಯವ್ರಿಗೆ."

"ಹಾಗಾದ್ರೆ ಕ್ಯಾಬಿನ್ನು ತಣ್ಣಗಿರೋ ಹಾಗೆ ಏನಾದ್ರೂ ಮಾಡ್ಸು."

"ಎ.ಸಿ.ನಾ?" ನಕ್ಕ. "ಹೊಸ್ದಾಗಿ ತಯಾರಾಗೋ ಲಾರಿಗೆ ಕಡ್ಡಾಯ ಮಾಡವ್ರೆ ದೊಡ್ಡಮ್ಮ. ನಮ್ಮಂಥ ಹಳೆ ಗಾಡಿಗೆ ಆ ಕಾನೂನು ಇಲ್ಲ."

"ಹೊಸ ಗಾಡಿ ಓಡಿಸೋನಿಗೆ ಮಾತ್ರ ಬೆವರು ಬರುತ್ತೆ ಅಂತ ಬರೆದಿದೆಯೇನು ಕಾನೂನಿನಲ್ಲಿ?"

"ನೀವು ಓದ್ದೋರು, ನಿಮ್ಮತ್ರ ಮಾತಾಡಕ್ಕಾಗಲ್ಲ" ಎಂದು ಮಜ್ಜಿಗೆಗೆ ಕೈ ಚಾಚಿದ. "ಡ್ರೈವರ್‌ಗಳು ಅಂದ್ಮೇಲೆ ಶಾಖ ಎಲ್ಲಾ ಅಭ್ಯಾಸ ಆಗೋಗಿರ್ತದೆ."

ಅಭ್ಯಾಸ. ಆ ಮಾತು ಕೇಳಿ ನನಗೆ ಕೂರಲಾಗಲಿಲ್ಲ. ಎದ್ದು ಉಗ್ರಾಣಕ್ಕೆ ಹೋದೆ.

ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಮನೆಗೆ ಬ್ಯಾರನ್ ಎನ್ನುತ್ತಾರೆ. ಎತ್ತರದ ಒಂದೇ ಕೋಣೆ, ಬುಡದಲ್ಲೂ ನೆತ್ತಿಯಲ್ಲೂ ತೆಗೆದು ಮುಚ್ಚುವ ಗಾಳಿಕಿಂಡಿ. ಕೆಳಗೆ ಒಲೆಯ ಬಿಸಿ ಹರಿಯುವ ಕೊಳವೆ, ಮೇಲೆ ಕಡ್ಡಿಗಳಲ್ಲಿ ನೇತುಹಾಕಿದ ಹಸಿ ಎಲೆ, ನಡುವೆ ಫ್ಯಾರನ್‌ಹೀಟ್ ಗೆರೆಗಳ ಒಂದು ಥರ್ಮಾಮೀಟರು. ಮೊದಲು ಮೆಲ್ಲಗೆ ಶಾಖ ಕೊಟ್ಟು ಎಲೆಯನ್ನು ಹಳದಿಗೆ ತಿರುಗಿಸಬೇಕು. ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಣ್ಣ ಕಟ್ಟಬೇಕು, ಅಂಚು ಒಣಗಿಸಬೇಕು, ಕೊನೆಗೆ ದಂಟು ಒಣಗಿಸಬೇಕು. ಅವಸರಪಟ್ಟು ಶಾಖ ಏರಿಸಿದರೆ ಎಲೆ ಕಪ್ಪಾಗಿ ಇಡೀ ಬ್ಯಾರನ್ನು ಹಾಳು. ಆ ದಿನಗಳಲ್ಲಿ ನಂಜುಂಡೇಶ ಕೋಳಿನಿದ್ದೆ ಮಾಡುತ್ತಾನೆ. ಗಾಜಿನ ಕಿಂಡಿಗೆ ಟಾರ್ಚು ಹಿಡಿದು ಡಿಗ್ರಿ ನೋಡುತ್ತಾನೆ. ಎರಡು ಡಿಗ್ರಿ ಹೆಚ್ಚಾಗಿದ್ದರೆ ಒಲೆ ನೋಡುವವನ ಗತಿ ಮುಗಿಯಿತು. ಎಲೆಗೆ ಶಾಖ ಅಭ್ಯಾಸವಾಗಿದೆ ಎಂದು ಅವನು ಹೇಳಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ.

ಬಟ್ಟೆ ಸುತ್ತಿ ಇಟ್ಟಿದ್ದ ಆ ಥರ್ಮಾಮೀಟರನ್ನು ತೆಗೆದುಕೊಂಡು ಅಂಗಳಕ್ಕೆ ಬಂದೆ. ಬಿಸಿಲು ನೆತ್ತಿಯ ಮೇಲಿತ್ತು. ಕಡೆಯ ಸಲ ನೋಡಿಹೋಗಲು ಬಂದಿದ್ದ ಬಸವರಾಜು ನೆರಳಲ್ಲಿ ಕೂತಿದ್ದ. ಬೆಟ್ಟಸ್ವಾಮಿ ಟಾರ್ಪಾಲು ಮಡಿಸುತ್ತಿದ್ದ.

"ಬೆಟ್ಟಸ್ವಾಮಿ, ಇದನ್ನ ನಿನ್ನ ಸೀಟಿನ ಹಿಂದೆ, ಶರ್ಟು ನೇತುಹಾಕೋ ಮೊಳೆಗೆ ಹಾಕಿ ಇಂಜಿನ್ ಶುರು ಮಾಡಪ್ಪ. ನೀನು ಇಳಿದು ಬಾ."

ಅವನು ನನ್ನನ್ನೂ ಥರ್ಮಾಮೀಟರನ್ನೂ ನೋಡಿದ. "ಇದೇನವ್ವ, ಗಾಡಿಗೆ ಜ್ವರ ನೋಡ್ತೀರಾ?"

"ಡ್ರೈವರ್‌ನ ಬೇಯಿಸ್ತಾರೆ ಕಣ್ಲಾ" ಎಂದ ಬಸವರಾಜು. "ಗ್ರೇಡ್ ಚೆಂದಾಗಿ ಬಂದ್ರೆ ಹರಾಜಿಗೆ ಹಾಕ್ಬೋದು."

ಲಾರಿ ಗುಡುಗುಟ್ಟುತ್ತ ನಿಂತಿತು. ಎರಡೂ ಕಿಟಕಿ ತೆರೆದೇ ಇದ್ದವು. ನಾನು ಮೋಸ ಮಾಡಲಿಲ್ಲ. ನಂಜುಂಡೇಶ ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಏನು ಸದ್ದು ಅಂತ ಹೊರಗೆ ಬಂದ. ಸ್ವಲ್ಪ ಹೊತ್ತು ಕಾಯಿಸಿ, "ಹತ್ತಿ ಡಿಗ್ರಿ ಎಷ್ಟಿದೆ ಓದಿ ಹೇಳಪ್ಪ. ನನ್ನ ಕಣ್ಣಿಗೆ ಆ ಗೆರೆ ಕಾಣಲ್ಲ" ಅಂದೆ.

ಸಿಡುಕುತ್ತಲೇ ಹತ್ತಿದ. ಬಾಗಿಲು ಎಳೆದುಕೊಂಡು ಸೀಟಿನಲ್ಲಿ ಕೂತ. ಥರ್ಮಾಮೀಟರಿನ ಕಡೆ ತಿರುಗಿದ, ಬೆರಳಿನಿಂದ ಗಾಜು ತಟ್ಟಿದ, ಮತ್ತೆ ನೋಡಿದ. ಓದಿ ಇಳಿಯುತ್ತಾನೆ ಅಂದುಕೊಂಡರೆ ಇಳಿಯಲಿಲ್ಲ. ಬ್ಯಾರನ್ನಿನ ಕಿಂಡಿಯ ಮುಂದೆ ನಿಲ್ಲುವ ಹಾಗೆಯೇ, ಗೆರೆ ಏರುತ್ತಿದೆಯೋ ನಿಂತಿದೆಯೋ ನೋಡುತ್ತ ಕೂತ. ಅವನ ಬಿಳಿ ಅಂಗಿ ಬೆನ್ನಿಗೆ ಅಂಟಿಕೊಳ್ಳುವುದು ತೆರೆದ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಎಡಗಾಲನ್ನು ಇಂಜಿನ್ ಕಡೆಯಿಂದ ಎರಡು ಸಲ ಸರಿಸಿಕೊಂಡ. ಸರಿಸಲು ಜಾಗವಿರಲಿಲ್ಲ.

ಇಳಿದಾಗ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಉಗಿದ. "ನೂರ ಹದಿನೈದು" ಎಂದ. ಬಸವರಾಜುವಿನ ನಗು ನಿಂತಿತು. ಇಲ್ಲಿ ಎಲ್ಲರೂ ಹೊಗೆಸೊಪ್ಪು ಬೇಯಿಸಿದವರೇ. ಆ ಅಂಕಿ ಏನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬಣ್ಣ ಕಟ್ಟೋ ಶಾಖ" ಎಂದ ನಂಜುಂಡೇಶ, ಸಣ್ಣ ದನಿಯಲ್ಲಿ. "ಇದು ರಾವಂದೂರು. ಆಂಧ್ರದಲ್ಲಿ ಇನ್ನೂ ಜಾಸ್ತಿ."

"ಅಲ್ಲಿ ಅಂಚು ಒಣಗ್ತದೆ ಬುಡಣ್ಣ" ಎಂದ ಬೆಟ್ಟಸ್ವಾಮಿ. ತಮಾಷೆಗೆ ಅಂದದ್ದು. ಯಾರೂ ನಗಲಿಲ್ಲ.

ನಂಜುಂಡೇಶ ಲಾರಿಯ ಸುತ್ತ ಒಂದು ಸುತ್ತು ಹಾಕಿದ. ಕ್ಯಾಬಿನ್ನಿನ ತಗಡಿನ ತಲೆಯನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಹೊಳೆದದ್ದು ಕಂಡಿತು. "ಬಸವರಾಜು, ಗ್ಯಾಸ್ ಕಟರ್ ತಂದಿದ್ದೀಯಾ? ಮೇಲೆ ಕಿಂಡಿ ಕೊಯ್ದುಬುಡು. ಒಂದಡಿ ಅಗಲ. ತೆಗೆದು ಮುಚ್ಚೋಂಗೆ ಮುಚ್ಚಳ ಕೂರ್ಸು. ಕೆಳಗಡೆ ಕಾಲತ್ರ ಇನ್ನೊಂದು ಕಿಂಡಿ. ಕೆಳಗಿಂದ ಗಾಳಿ ಎಳ್ಕೊತದೆ, ಬಿಸಿ ಮೇಲೋಯ್ತದೆ. ಸಂಜೆ ಲೋಡಿಗೆ ಮುಂಚೆ ಆಗ್ಬೇಕು."

"ಅಂಗೇ ಬ್ಯಾರನ್ ಇದ್ದಂಗೆ" ಎಂದ ಬಸವರಾಜು, ಉತ್ಸಾಹದಿಂದ.

"ಅಂಗೇ ಬ್ಯಾರನ್ ಇದ್ದಂಗೆ."

ಬಸವರಾಜು ಲಾರಿಯ ತಲೆ ಹತ್ತಿ ಸೀಮೆಸುಣ್ಣದಿಂದ ಚೌಕ ಬರೆಯತೊಡಗಿದ. ಬೆಟ್ಟಸ್ವಾಮಿ ಕೆಳಗಿನಿಂದ, "ಒಸಿ ಹಿಂದಕ್ಕೆ ಹಾಕು, ಮಳೆ ಬಂದ್ರೆ ನನ್ ನೆತ್ತಿ ಮ್ಯಾಲೇ ಬೀಳ್ತದೆ" ಅಂತ ಸಲಹೆ ಕೊಡುತ್ತಿದ್ದ. ಮೂವರ ಮುಖದಲ್ಲೂ ದೊಡ್ಡ ಸಂಕಟ ಕಳೆದ ಹಗುರ. ಒಂದು ಗಳಿಗೆ ನನಗೂ ಹಾಗೇ ಅನಿಸಿತು. ಮಾಡಿಸುತ್ತಿದ್ದಾನಲ್ಲ, ಇಷ್ಟಾದರೂ ಮನಸ್ಸು ಕರಗಿತಲ್ಲ ಅಂತ. ಆಮೇಲೆ ವಿಷಯ ತಲೆಗೆ ಹೋಯಿತು. ಮೈಯೆಲ್ಲ ಉರಿಯಿತು.

"ನಂಜುಂಡ, ಬ್ಯಾರನ್ನಿನ ಮೇಲ್ಗಿಂಡಿ ಯಾಕೆ ತೆಗೀತೀರಿ?"

"ತೇವ ಹೋಗ್ಲಿ ಅಂತ."

"ಸೊಪ್ಪು ತಣ್ಣಗಾಗ್ಲಿ ಅಂತಲ್ಲವೇ?"

"ತಣ್ಣಗೆ ಎಲ್ಲಾಗ್ತದೆ ದೊಡ್ಡಮ್ಮ, ಕೆಳಗೆ ಒಲೆ ಉರೀತಿರ್ತದಲ್ಲ."

"ಅಂದ್ರೆ ಕಿಂಡಿ ತೆಗೆಯೋದು ಸೊಪ್ಪು ಕೆಡದೆ ಚೆನ್ನಾಗಿ ಬೇಯ್ಲಿ ಅಂತ."

ಲಾರಿಯ ತಲೆಯ ಮೇಲೆ ಸೀಮೆಸುಣ್ಣದ ಸದ್ದು ನಿಂತಿತು.

"ಕಿಂಡಿ ಕೊರೆದರೆ ಬಿಸಿ ಗಾಳಿ ಮೇಲಿಂದ ಹೋಗಿ ಬಿಸಿ ಗಾಳಿ ಕೆಳಗಿಂದ ಬರುತ್ತೆ. ಆಂಧ್ರದ ರಸ್ತೆಯಲ್ಲಿ ತಂಗಾಳಿ ಎಲ್ಲಿಂದ ತರ್ತೀಯ? ಇವನನ್ನ ಸೀಯದ ಹಾಗೆ ಹದವಾಗಿ ಬೇಯಿಸಿ ಗುಂಟೂರು ಮುಟ್ಟಿಸೋ ಉಪಾಯ ಮಾಡಿದ್ದೀಯ, ಅಷ್ಟೇ. ಮನುಷ್ಯನ್ನ ಹದ ಮಾಡಬೇಕಾಗಿಲ್ಲಪ್ಪ. ಒಲೆ ಆರಿಸಬೇಕು. ಬಿಸಿಲು ಇಳಿಯೋವರೆಗೆ ಗಾಡಿ ನಿಲ್ಲಿಸಬೇಕು. ಇದಕ್ಕೆ ಗ್ಯಾಸ್ ಕಟರ್ ಬೇಕಾಗಿಲ್ಲ. ಫೋನ್ ಮಾಡಿ ಒಂದು ಮಾತು ಹೇಳಬೇಕು. ಆ ಒಂದು ಮಾತು ಹೇಳಬೇಕಾಗುತ್ತೆ ಅಂತ ನೀವು ಮೂರು ಜನ ಸೇರಿ ಲಾರಿಯ ತಲೆ ಕೊಯ್ಯೋಕೆ ಹೊರಟಿದ್ದೀರ."

ನಾನು ದನಿ ಏರಿಸಿರಲಿಲ್ಲ. ಆದರೂ ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ನಂಜುಂಡೇಶನ ಕಿವಿ ಕೆಂಪಾಗಿತ್ತು. ಬಹಳ ಹೊತ್ತು ಟೈರು ನೋಡುತ್ತ ನಿಂತಿದ್ದವನು ಜೇಬಿನಿಂದ ಫೋನು ತೆಗೆದು ಗೋದಾಮಿನ ಏಜೆಂಟ್ ನಟರಾಜುವಿಗೆ ಮಾಡಿದ. ನನಗೆ ಕೇಳಲಿ ಎಂದೇ ಇರಬೇಕು, ಸ್ಪೀಕರ್ ಹಾಕಿದ.

"ನಟರಾಜು, ಗುಂಟೂರು ಲೋಡು. ನಮ್ಮ ಗಾಡಿ ಹನ್ನೊಂದರಿಂದ ನಾಲ್ಕರವರೆಗೆ ಓಡಲ್ಲ. ಬಿಸ್ಲು ಜಾಸ್ತಿ. ಒಂದಿನ ತಡ ಆಗ್ತದೆ, ನೀವು ಅಡ್ಜಸ್ಟ್ ಮಾಡ್ಕೋಬೇಕು."

ಆ ಕಡೆಯಿಂದ ನಗು ಕೇಳಿಸಿತು. "ಏನಣ್ಣ, ಡ್ರೈವರ್‌ಗೆ ತೊಟ್ಲು ಕಟ್ಸಿದ್ದೀರಾ ಗಾಡೀಲಿ? ಮಧ್ಯಾಹ್ನ ಮಲಗ್ಸಿದ್ರೆ ಜೋಗುಳ ಯಾರ್ ಹಾಡ್ತಾರೆ?"

"ನಮ್ಮ ದೊಡ್ಡಮ್ಮ ಹಾಡ್ತಾರೆ" ಎಂದ ನಂಜುಂಡೇಶ. ನನ್ನ ಕಡೆ ನೋಡದೆ ಹೇಳಿದ. ಅಷ್ಟು ಕೋಪದಲ್ಲೂ ನನಗೆ ಅವನು ಮುದ್ದೆನಿಸಿದ.

"ತಮಾಷೆ ಬುಡಿ ಅಣ್ಣ. ಆಗಲ್ಲ ಅಂದ್ರೆ ಆಗಲ್ಲ ಅನ್ನಿ. ಸರಗೂರ್‌ದು ಒಂದ್ ಗಾಡಿ ಖಾಲಿ ನಿಂತದೆ, ನಾಳೆಗೆ ಕರುಸ್ಕೊತೀನಿ."

"ಕರುಸ್ಕೊಳ್ಳಿ" ಎಂದು ನಂಜುಂಡೇಶ ಫೋನು ಇಟ್ಟ.

ಬೆಟ್ಟಸ್ವಾಮಿ ಖುಷಿಪಡುತ್ತಾನೆ ಅಂತ ನಾನು ತಿಳಿದಿದ್ದೆ. ಅವನು ಮಡಿಸಿದ್ದ ಟಾರ್ಪಾಲನ್ನು ನೆಲಕ್ಕೆ ಹಾಕಿದ. "ನನ್ನ ಕೇಳ್ಬೇಕಾಗಿತ್ತು ಅವ್ವ" ಎಂದ. "ಓಡುಸೋನು ನಾನಲ್ವಾ? ಎಲ್ಲಾರ ಮುಂದೇನೇ ನನ್ನ ಕೈಲಾಗ್ದೋನ್ ಮಾಡ್ಬುಟ್ರಿ. ನಾಳೆ ಹುಣಸೂರಿಂದ ಸರಗೂರ್‌ಗಂಟ ಎಲ್ಲಾ ಡ್ರೈವರ್‌ಗಳಿಗೂ ಗೊತ್ತಾಯ್ತದೆ, ಬೆಟ್ಟನ್ಗೆ ಬಿಸ್ಲು ತಡೆಯಲ್ಲ ಅಂತ." ಟವೆಲ್ಲನ್ನು ಹೆಗಲಿಗೆ ಎಳೆದುಕೊಂಡು ಹೊರಟುಹೋದ. ಅವನ ಮಜ್ಜಿಗೆಯ ಲೋಟ ಜಗಲಿಯ ಮೇಲೆ ಹಾಗೇ ಇತ್ತು.

ಅವನು ಹೇಳಿದ್ದು ಸರಿ. ಕೇಳಬೇಕಾಗಿತ್ತು. ಕೇಳಿದ್ದರೆ ಬೇಡ ಅನ್ನುತ್ತಿದ್ದ, ಅದೂ ಸರಿ. ಬಿಸಿಲಲ್ಲಿ ಬೀಳುವುದಕ್ಕಿಂತ ಬಿದ್ದದ್ದು ನಾಲ್ಕು ಜನಕ್ಕೆ ತಿಳಿಯುವುದೇ ಅವನಿಗೆ ಹೆಚ್ಚಿನ ಭಯ. ಆ ಭಯವನ್ನು ಅವನೊಳಗೆ ಇಟ್ಟವರು ಯಾರು? ತೊಟ್ಟಿಲು ಜೋಗುಳ ಎಂದು ನಗುವವರು. ಸುಸ್ತಾಯಿತು ಅಂದವನ ಜಾಗಕ್ಕೆ ಸರಗೂರಿನಿಂದ ಇನ್ನೊಬ್ಬನನ್ನು ಕರೆಸಿಕೊಳ್ಳುವವರು. ನನಗೆ ಅವನ ಮೇಲೆ ಬೇಸರವಾಗಲಿಲ್ಲ.

ಸಂಜೆ ನಂಜುಂಡೇಶ ಊರೆಲ್ಲ ಫೋನು ಮಾಡಿ, ಕೆ.ಆರ್. ನಗರದ ಮಿಲ್ಲಿನಿಂದ ಮಡಿಕೇರಿಗೆ ಅಕ್ಕಿ ಸಾಗಿಸುವ ಬಾಡಿಗೆ ಹಿಡಿದ. ಗುಂಟೂರಿನಷ್ಟು ಲಾಭವಿಲ್ಲ, ಆದರೆ ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಸಲ ಹೋಗಬಹುದು. ತಾನೇ ಬೆಟ್ಟಸ್ವಾಮಿಯ ಮನೆಗೆ ನಡೆದು ಹೋಗಿ ಹೇಳಿ ಬಂದ. "ಏನಂದ?" ಎಂದು ಕೇಳಿದೆ. "ನಾಡಿದ್ದು ಬರ್ತಾನಂತೆ. ನನ್ನತ್ರ ಮಾತಾಡ್ದ. ನಿಮ್ಮ ಮೇಲೇ ಕೋಪ" ಎಂದ.

ಮಾರನೆಯ ದಿನ ಬೆಳಿಗ್ಗೆಯಿಂದಲೇ ಗೋದಾಮಿನ ಮುಂದೆ ಸರಗೂರಿನ ಲಾರಿಗೆ ಬೇಲು ಏರುತ್ತಿತ್ತು. ಗೋದಾಮು ನಮ್ಮ ಮನೆಯಿಂದ ಕೂಗಳತೆ. ಹನ್ನೆರಡರ ಹೊತ್ತಿಗೆ ಹಗ್ಗ ಬಿಗಿಯುತ್ತಿರುವುದು ಜಗಲಿಯಿಂದ ಕಂಡಿತು. ತಡೆಯಲಾರದೆ ಸೆರಗು ತಲೆಗೆ ಎಳೆದುಕೊಂಡು ನಡೆದೆ.

ಆ ಲಾರಿ ನಮ್ಮದಕ್ಕಿಂತ ಹಳೆಯದು. ಡ್ರೈವರ್ ಶರತ್ ಅಂತ, ಮೂವತ್ತರ ಆಸುಪಾಸು. ಒದ್ದೆ ಟವೆಲ್ಲು ತಲೆಗೆ ಸುತ್ತಿಕೊಂಡಿದ್ದ. ಅವನ ಜೊತೆ ಹಗ್ಗದ ಇನ್ನೊಂದು ತುದಿ ಹಿಡಿದು ಬಿಗಿಯುತ್ತಿದ್ದವನು ಬೆಟ್ಟಸ್ವಾಮಿ. ತನ್ನ ಕೈತಪ್ಪಿದ ಲೋಡನ್ನು ಇನ್ನೊಬ್ಬನಿಗೆ ಭದ್ರವಾಗಿ ಕಟ್ಟಿಕೊಡುತ್ತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ.

"ಈಗಲೇ ಹೊರಡ್ತೀಯೇನಪ್ಪ?" ಎಂದು ಶರತನನ್ನು ಕೇಳಿದೆ.

"ಹೂಂ ಅವ್ವ. ಈಗ ಬುಟ್ರೆ ಬೆಂಗ್ಳೂರು ದಾಟ್ಬೋದು."

"ಬಿಸಿಲು ಇಳಿದ ಮೇಲೆ ಹೋಗಬಾರದೇ?"

ಅವನು ಬೆಟ್ಟಸ್ವಾಮಿಯ ಮುಖ ನೋಡಿದ, ಆಮೇಲೆ ಗಲ್ಲ ಎತ್ತಿ ಹೊಂಗೆಮರದ ಕಡೆ ತೋರಿಸಿದ. "ನಂದೇನದೆ ಅವ್ವ. ಅವುರ್‌ನ ಕೇಳಿ."

ಹೊಂಗೆಮರದ ಪಕ್ಕ ನಟರಾಜುವಿನ ಬಿಳಿ ಕಾರು ನಿಂತಿತ್ತು. ಇಂಜಿನ್ ಓಡುತ್ತಿತ್ತು, ಗಾಜು ಏರಿಸಿತ್ತು. ಬೆರಳಿನಿಂದ ಗಾಜು ತಟ್ಟಿದೆ. ಅರ್ಧ ಇಳಿಯಿತು. ಒಳಗಿನ ತಂಪು ನನ್ನ ಮುಖಕ್ಕೆ ತಾಗಿತು. ನಟರಾಜು ಸೀಟು ಹಿಂದಕ್ಕೆ ಒರಗಿಸಿಕೊಂಡು ಫೋನು ನೋಡುತ್ತಿದ್ದ.

"ಸ್ವಲ್ಪ ಇಳಿದು ಬಾಪ್ಪ, ಒಂದು ಮಾತಾಡಬೇಕು" ಎಂದೆ.

"ಏನಮ್ಮ, ಇಲ್ಲೇ ಹೇಳಿ. ಎಂಥಾ ಬಿಸ್ಲು ನೋಡಿ, ಇಳಿಯೋಕಾಗಲ್ಲ."

ಅವನು ಬೇಕೆಂದು ಅಂದದ್ದಲ್ಲ. ತಾನು ಏನು ಹೇಳಿದೆ ಎಂಬುದು ಅವನಿಗೆ ಗೊತ್ತೂ ಆಗಲಿಲ್ಲ. ನಾನು ಗಾಜಿನ ಅಂಚಿನ ಮೇಲೆ ಕೈ ಇಟ್ಟೆ, ಬಿಗಿಯಾಗಿ ಹಿಡಿದೆ.

"ಸರಿ, ನೀನು ಇಳೀಬೇಡ. ಆ ಡ್ರೈವರನ್ನೂ ಬಿಸಿಲಿಗೆ ಕಳಿಸಬೇಡ. ಸಂಜೆ ಹೊರಡಲಿ."

"ಅಮ್ಮ, ಅದೆಲ್ಲ ಕಂಪೆನಿ ಟೈಮು. ಕೈ ತೆಗೀರಿ, ತಣ್ಣಗಿನ ಗಾಳಿ ಎಲ್ಲಾ ಹೊರಗೋಯ್ತದೆ."

"ಹೋಗಲಿ ಬಿಡು."

ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನನ್ನ ಕೈಯನ್ನೇ ನೋಡಿದ. ಮುದುಕಿಯ ಬೆರಳು ಸಿಕ್ಕಿಸಿ ಗಾಜು ಏರಿಸುವಷ್ಟು ಧೈರ್ಯ ಅವನಿಗೆ ಇರಲಿಲ್ಲ. ಹಮಾಲಿಗಳು ಕೆಲಸ ಬಿಟ್ಟು ನೋಡುತ್ತಿದ್ದರು. ಬಿಸಿಗಾಳಿ ಒಳಗೆ ನುಗ್ಗುತ್ತಿತ್ತು. ಅವನ ಹಣೆಯ ಮೇಲೆ ಬೆವರು ಮೂಡಿತು. ಕರವಸ್ತ್ರ ತೆಗೆದು ಒರೆಸಿಕೊಂಡ. ಮತ್ತೆ ಮೂಡಿತು.

ನನ್ನ ನೆತ್ತಿ ಸುಡುತ್ತಿತ್ತು. ಆಗ ಬಿಸಿಲು ಇದ್ದಕ್ಕಿದ್ದ ಹಾಗೆ ಕಡಿಮೆಯಾಯಿತು. ತಿರುಗಿ ನೋಡಿದರೆ ಬೆಟ್ಟಸ್ವಾಮಿ. ನನ್ನ ಬೆನ್ನ ಹಿಂದೆ ಬಂದು, ಟವೆಲ್ಲನ್ನು ಎರಡೂ ಕೈಯಲ್ಲಿ ಅಗಲಿಸಿ ನನ್ನ ತಲೆಯ ಮೇಲೆ ಹಿಡಿದು ನಿಂತಿದ್ದ. ನನ್ನ ಮುಖ ಮಾತ್ರ ನೋಡಲಿಲ್ಲ.

"ಆಯ್ತು ಕಣ್ರಮ್ಮ" ಎಂದ ನಟರಾಜು. ಕಾರಿನೊಳಗಿಂದಲೇ ಕೂಗಿ ಹೇಳಿದ, "ಲೇ ಶರತ್, ಐದು ಗಂಟೆಗೆ ಬುಡು." ಶರತ್ ಆಗಲೇ ಲಾರಿಯ ಕೆಳಗಿನ ನೆರಳಿಗೆ ಟಾರ್ಪಾಲಿನ ತುಂಡು ಹಾಸಿಕೊಳ್ಳುತ್ತಿದ್ದ.

"ನಾಳೆ?" ಎಂದೆ. "ನಾಳೆ ಮಧ್ಯಾಹ್ನ ಅವನು ಆಂಧ್ರದಲ್ಲಿರ್ತಾನೆ. ಆಗ ನೀನು ಫೋನು ಮಾಡಿ ಎಲ್ಲಿದ್ದೀಯ, ಯಾಕೆ ನಿಂತಿದ್ದೀಯ ಅಂತೀಯ."

"ನಾಳೇದು ನಾಳೆ ನೋಡಾಣ ಬುಡಿ."

"ಈಗಲೇ ನೋಡೋಣ" ಎಂದೆ. ಗಾಜಿನ ಮೇಲಿಂದ ಕೈ ತೆಗೆಯಲಿಲ್ಲ.